ಪಂಪು, ವಾಲ್ವು, ವಾಲ್ ಸ್ಟ್ರೀಟು

ಅಮೆರಿಕದ ವೃತ್ತಿಪತ್ರಿಕೆಗಳ ಕೊನೆಯ ಪುಟಗಳಲ್ಲಿ ಒಂದು ಅಂಚೆ ಕಾರ್ಡು ಅಂಟಿಕೊಂಡಿರುತ್ತಿತ್ತು. ಅದರ ತುಂಬ ಸಾಲು ಸಾಲು ಅಂಕಿಗಳು, ಪತ್ರಿಕೆಯೊಳಗಿನ ಪ್ರತಿ ಜಾಹೀರಾತಿಗೂ ಒಂದೊಂದು. ಓದುಗನಿಗೆ ಯಾವುದೋ ಪಂಪಿನ, ಯಾವುದೋ ವಾಲ್ವಿನ ವಿವರ ಬೇಕೆನಿಸಿದರೆ ಆ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿ, ಹೆಸರು ವಿಳಾಸ ತುಂಬಿ ಅಂಚೆಗೆ ಹಾಕಬೇಕು. ಕಾರ್ಡು ಪತ್ರಿಕಾ ಕಚೇರಿಗೆ ಹೋಗಿ, ಅಲ್ಲಿ ವಿಂಗಡಣೆಯಾಗಿ, ವಿಳಾಸಗಳ ಪಟ್ಟಿ ಪಂಪು ತಯಾರಕನ ಕೈಸೇರುವ ಹೊತ್ತಿಗೆ ವಾರಗಳೇ ಉರುಳಿರುತ್ತಿದ್ದವು. ಆ ಉದ್ಯಮದವರ ಬಾಯಲ್ಲಿ ಇದು 'ಬಿಂಗೊ ಕಾರ್ಡ್'.

ಈ ಕಾರ್ಡಿನ ಹಿಂದೆ ನೂರು ವರ್ಷ ದಾಟಿದ ವ್ಯಾಪಾರವೊಂದಿತ್ತು. ಕಬ್ಬಿಣದವರಿಗೆ 'ಐರನ್ ಏಜ್', ಯಂತ್ರಶಾಲೆಯವರಿಗೆ 'ಅಮೆರಿಕನ್ ಮೆಷಿನಿಸ್ಟ್', ವಿದ್ಯುತ್ತಿನವರಿಗೆ 'ಎಲೆಕ್ಟ್ರಿಕಲ್ ವರ್ಲ್ಡ್'. ಇಂಥ ಪತ್ರಿಕೆಗಳಿಂದಲೇ ಜೇಮ್ಸ್ ಮೆಕ್‌ಗ್ರಾ ಮತ್ತು ಜಾನ್ ಹಿಲ್ ದೊಡ್ಡ ಪ್ರಕಾಶಕರಾದದ್ದು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪಠ್ಯಪುಸ್ತಕದ ಬೆನ್ನ ಮೇಲೆ ನೋಡುವ ಮೆಕ್‌ಗ್ರಾ-ಹಿಲ್ ಆ ಇಬ್ಬರ ಹೆಸರೇ. ಇನ್ನೊಂದು ಕಡೆ 1898ರಿಂದ ಬರುತ್ತಿದ್ದ ಥಾಮಸ್ ರಿಜಿಸ್ಟರ್, ಯಾವ ಸಾಮಾನನ್ನು ಯಾವ ಕಾರ್ಖಾನೆ ಮಾಡುತ್ತದೆ ಎಂದು ತಿಳಿಸುವ ಹಸಿರು ರಟ್ಟಿನ ದಪ್ಪ ಸಂಪುಟಗಳ ಸಾಲು. ವೃತ್ತಿಪತ್ರಿಕೆಗಳಲ್ಲಿ ಹೆಚ್ಚಿನವಕ್ಕೆ ಓದುಗ ಬಿಡಿಗಾಸು ಕೊಡುತ್ತಿರಲಿಲ್ಲ. ತಾನು ಯಾವ ಹುದ್ದೆಯಲ್ಲಿದ್ದೇನೆ, ಯಾವ ಯಂತ್ರ ಕೊಳ್ಳುವ ಅಧಿಕಾರ ತನಗಿದೆ ಎಂಬ ಅರ್ಜಿ ತುಂಬಿಕೊಟ್ಟರೆ ಪತ್ರಿಕೆ ಪುಕ್ಕಟೆ ಬರುತ್ತಿತ್ತು. ಖರ್ಚೆಲ್ಲ ಜಾಹೀರಾತುದಾರನದು. ಲಕ್ಷಾಂತರ ಜನ ನೋಡಲಿ ಎಂದು ಅವನು ಬಯಸುತ್ತಿರಲಿಲ್ಲ. ಪಂಪು ಕೊಳ್ಳಬಲ್ಲ ಕೆಲವೇ ಸಾವಿರ ಜನರ ಕಣ್ಣಿಗೆ ಬಿದ್ದರೆ ಸಾಕಿತ್ತು. ಅದಕ್ಕಾಗಿ ಅವನು ತಲೆಗೆ ಲೆಕ್ಕಹಾಕಿದರೆ ಟೂತ್‌ಪೇಸ್ಟ್ ಮಾರುವವನಿಗಿಂತ ಎಷ್ಟೋ ಪಟ್ಟು ಹೆಚ್ಚು ದುಡ್ಡು ಕೊಡಲು ಸಿದ್ಧನಿದ್ದ.

ಈ ಸಣ್ಣ ಆರ್ಥಿಕ ಸತ್ಯವನ್ನು ಇಂಟರ್ನೆಟ್ಟಿಗೆ ತಂದವರಲ್ಲಿ ಮೊದಲಿಗರು ಪೆನ್ಸಿಲ್ವೇನಿಯಾದ ಇಬ್ಬರು ಮೈಕ್‌ಗಳು. ಮೈಕ್ ಮೆಕ್‌ನಲ್ಟಿ ವೃತ್ತಿಪತ್ರಿಕೆಗಳಿಗೆ ಜಾಹೀರಾತು ಹಿಡಿಯುವ ಮಾರಾಟಗಾರ. ಮೈಕ್ ಹೇಗನ್ 1990ರಿಂದ 1995ರವರೆಗೆ ಮೆರಿಲ್ ಲಿಂಚ್‌ನ ಹೂಡಿಕೆ ನಿರ್ವಹಣಾ ವಿಭಾಗದಲ್ಲಿದ್ದವರು. ಒಬ್ಬರಿಗೆ ಗಿರಾಕಿಯ ನಾಡಿ ಗೊತ್ತು, ಇನ್ನೊಬ್ಬರಿಗೆ ಲೆಕ್ಕ ಗೊತ್ತು. 1995ರ ಜುಲೈ 28ರಂದು ಅವರು ನೋಂದಾಯಿಸಿದ ಕಂಪನಿಯೇ ಮುಂದೆ ವರ್ಟಿಕಲ್‌ನೆಟ್ ಎಂದು ಹೆಸರಾಯಿತು. ಆಗ ಅದರ ಹೆಸರು ವಾಟರ್ ಆನ್‌ಲೈನ್.

ಆ ಬೇಸಿಗೆಯ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಮೆಜಾನ್ ಪುಸ್ತಕ ಮಾರಲು ತೆರೆದುಕೊಂಡದ್ದು ಅದೇ ಜುಲೈಯಲ್ಲಿ. ಮುಂದಿನ ತಿಂಗಳ 9ರಂದು ನೆಟ್‌ಸ್ಕೇಪ್ ಷೇರು ಪೇಟೆಗೆ ಬಂದು, 28 ಡಾಲರಿಗೆ ಬಿಡುಗಡೆಯಾದದ್ದು ಮೊದಲ ದಿನವೇ 58.25ಕ್ಕೆ ನಿಂತಿತು. ಸೆಪ್ಟೆಂಬರಿನಲ್ಲಿ ಈಬೇ ಹುಟ್ಟಿತು. ಇಂಟರ್ನೆಟ್ಟಿನಲ್ಲಿ ಜಾಹೀರಾತು ಎಂಬುದಕ್ಕೇ ಇನ್ನೂ ವರ್ಷ ತುಂಬಿರಲಿಲ್ಲ. 'ಹಾಟ್‌ವೈರ್ಡ್' ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಕಾಣಿಸಿಕೊಂಡದ್ದು 1994ರ ಅಕ್ಟೋಬರ್ 27ರಂದು. ಅಲ್ಲಿಂದ ಮುಂದೆ ಎಲ್ಲರೂ ಓಡಿದ್ದು ಜನಜಂಗುಳಿಯ ಕಡೆಗೆ: ಹೆಚ್ಚು ಕಣ್ಣುಗಳು, ಹೆಚ್ಚು ಪುಟಗಳು, ಹೆಚ್ಚು ದುಡ್ಡು. ಇಬ್ಬರು ಮೈಕ್‌ಗಳು ಫಿಲಡೆಲ್ಫಿಯಾದ ಉತ್ತರಕ್ಕಿರುವ ಹಾರ್ಶಮ್ ಎಂಬ ಊರಿನಲ್ಲಿ ಕೂತು ಕೊಳಚೆ ನೀರಿನ ಎಂಜಿನಿಯರುಗಳಿಗಾಗಿ ತಾಣ ಮಾಡಿದರು.

ನೀರಿನ ಆಯ್ಕೆ ಆಕಸ್ಮಿಕವಲ್ಲ. ಅಮೆರಿಕದಲ್ಲಿ ಊರೂರಿಗೂ ಬೇರೆ ಬೇರೆ ನೀರು ಸರಬರಾಜು ಸಂಸ್ಥೆ, ಸಣ್ಣಪುಟ್ಟವೂ ಸೇರಿದರೆ ಸುಮಾರು 50,000. ನಮ್ಮಲ್ಲಿನ ಹಾಗೆ ರಾಜ್ಯಕ್ಕೊಂದು ಮಂಡಳಿ ಎಂಬುದಿಲ್ಲ. ಕೊಳ್ಳುವವರು ಇಷ್ಟು ಚದುರಿದ್ದರೆ ಮಾರುವವರೂ ಅಷ್ಟೇ ಚದುರಿದ್ದರು: ಮೀಟರಿನವನು, ಪೊರೆಯ ಫಿಲ್ಟರಿನವನು, ಕ್ಲೋರಿನ್ ಅಳೆಯುವ ಉಪಕರಣದವನು, ಕೊಳವೆಯೊಳಗೆ ಕ್ಯಾಮೆರಾ ಬಿಡುವವನು. ಜೊತೆಗೆ ಕಾನೂನಿನ ಒತ್ತಡವೂ ಇತ್ತು. 1972ರ ಶುದ್ಧ ಜಲ ಕಾಯ್ದೆ, 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಈ ಉದ್ಯಮವನ್ನೇ ಬೆಳೆಸಿದ್ದವು. 1993ರಲ್ಲಿ ಮಿಲ್ವಾಕಿ ನಗರದ ನಲ್ಲಿ ನೀರಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಸೇರಿ ಸುಮಾರು 4 ಲಕ್ಷ ಜನ ಹಾಸಿಗೆ ಹಿಡಿದ ಮೇಲೆ ಸೋಸುವ ತಂತ್ರಜ್ಞಾನದ ವಿಷಯದಲ್ಲಿ ಯಾವ ಪುರಸಭೆಯೂ ನಿರುಮ್ಮಳವಾಗಿ ಕೂರುವಂತಿರಲಿಲ್ಲ. 1996ರಲ್ಲಿ ಕುಡಿಯುವ ನೀರಿನ ಕಾಯ್ದೆಗೆ ದೊಡ್ಡ ತಿದ್ದುಪಡಿಯೇ ಬಂತು. ಹೊಸ ನಿಯಮ ಏನು, ಅದಕ್ಕೆ ಹೊಂದುವ ಯಂತ್ರ ಯಾರ ಬಳಿ ಇದೆ ಎಂಬೆರಡು ಪ್ರಶ್ನೆಗಳು ಪ್ರತಿ ಘಟಕದ ಎಂಜಿನಿಯರನ ಮೇಜಿನ ಮೇಲಿದ್ದವು.

ವಾಟರ್ ಆನ್‌ಲೈನ್ ಎರಡಕ್ಕೂ ಉತ್ತರ ಕೊಟ್ಟಿತು. ಉದ್ಯಮದ ಸುದ್ದಿ, ನಿಯಮಗಳ ವಿವರಣೆ, ತಾಂತ್ರಿಕ ಲೇಖನ, ಕೆಲಸ ಖಾಲಿ ಇರುವ ಪ್ರಕಟಣೆ ಎಲ್ಲ ಪುಕ್ಕಟೆ. ಆ ಕ್ಷೇತ್ರದಲ್ಲಿ ಪಳಗಿದವರೇ ಸಂಪಾದಕರು. ಪಕ್ಕದಲ್ಲಿ ತಯಾರಕರಿಗೆ ಒಂದೊಂದು ಪುಟ, ಅವರ ಮಾತಿನಲ್ಲಿ 'ಸ್ಟೋರ್‌ಫ್ರಂಟ್'. ವರ್ಷಕ್ಕೆ ಕೆಲವು ಸಾವಿರ ಡಾಲರ್ ಕಟ್ಟಿದರೆ ಕಂಪನಿಯ ಪರಿಚಯ, ಸರಕಿನ ಚಿತ್ರ, ವಿವರ ಎಲ್ಲ ಅಲ್ಲಿ. ಓದುಗ ವಿಚಾರಣೆ ಕಳಿಸಿದರೆ ಅದು ನೇರ ತಯಾರಕನ ಇಮೇಲಿಗೆ. ಬಿಂಗೊ ಕಾರ್ಡು ವಾರಗಟ್ಟಲೆ ಮಾಡುತ್ತಿದ್ದ ಕೆಲಸ ನಿಮಿಷಗಳಲ್ಲಿ ಮುಗಿಯಿತು. ಸ್ವಂತ ಜಾಲತಾಣವಿಲ್ಲದ, ಮಾಡಿಸಲು ಗೊತ್ತಿಲ್ಲದ ಸಣ್ಣ ಕಾರ್ಖಾನೆಯವನಿಗೆ 1996ರಲ್ಲಿ ಇದು ನಿಜವಾದ ಅನುಕೂಲ. ಯಾವ ಕ್ರಾಂತಿಕಾರಕ ತಂತ್ರಜ್ಞಾನವೂ ಇದರಲ್ಲಿರಲಿಲ್ಲ ಎಂಬುದನ್ನು ಗಮನಿಸಿ. ಅದು ಹಳೆಯ ವೃತ್ತಿಪತ್ರಿಕೆಯೇ. ಮುದ್ರಣ ಮತ್ತು ಅಂಚೆಯ ಖರ್ಚು ಮಾತ್ರ ಕಳೆದಿತ್ತು.

ನೀರಿನ ನಂತರ ಅದೇ ಅಚ್ಚಿನಲ್ಲಿ ಮಾಲಿನ್ಯ ನಿಯಂತ್ರಣ, ಘನತ್ಯಾಜ್ಯ, ರಸಾಯನ, ಔಷಧ ತಯಾರಿಕೆ, ಕಾಗದ, ಬಣ್ಣ, ಅಂಟು, ಅರೆವಾಹಕ, ಬೇಕರಿ, ಮಾಂಸ, ಹಾಲು ಹೀಗೆ ಒಂದೊಂದಕ್ಕೂ ಒಂದೊಂದು ತಾಣ. ತಾಣಗಳು ಹೆಚ್ಚಿದರೂ ಕಂಪ್ಯೂಟರು, ಮಾರಾಟ ತಂಡ, ತಂತ್ರಾಂಶ ಎಲ್ಲಕ್ಕೂ ಒಂದೇ. ಯಾವ ಉದ್ಯಮ ಆರಿಸಬೇಕು ಎಂಬುದಕ್ಕೆ ಅವರದೇ ಅಳತೆಗೋಲಿತ್ತು: ಕೊಳ್ಳುವವರೂ ಮಾರುವವರೂ ಬಹಳ ಇರಬೇಕು, ಯಾರೊಬ್ಬರೂ ದೈತ್ಯರಾಗಿರಬಾರದು, ಸರಕು ತಾಂತ್ರಿಕವಾಗಿ ಜಟಿಲವಾಗಿರಬೇಕು. ಅಳತೆಗೋಲು ಸರಿಯಾಗಿಯೇ ಇತ್ತು ಎಂದು ನನ್ನ ಎಣಿಕೆ. ವರಮಾನ ಮಾತ್ರ ಆಮೆಯ ವೇಗದಲ್ಲಿ ಏರಿತು. 1996ರಲ್ಲಿ 3 ಲಕ್ಷ ಡಾಲರಿನೊಳಗೆ, 1997ರಲ್ಲಿ 8 ಲಕ್ಷದ ಆಸುಪಾಸು. ಖರ್ಚು ಅದಕ್ಕಿಂತ ಎಷ್ಟೋ ಮುಂದೆ ಓಡುತ್ತಿತ್ತು.

ಇಲ್ಲಿ ಫಿಲಡೆಲ್ಫಿಯಾದ ಹಣದವರು ಪ್ರವೇಶಿಸುತ್ತಾರೆ. ಆ ನಗರದ ಹೊರವಲಯದ ವೇಯ್ನ್ ಎಂಬಲ್ಲಿ ಸೇಫ್‌ಗಾರ್ಡ್ ಸೈಂಟಿಫಿಕ್ಸ್ ಎಂಬ ಸಂಸ್ಥೆ, ಅದರ ಯಜಮಾನ ಪೀಟ್ ಮಸ್ಸರ್. ಹೊಸ ಕಂಪನಿಗಳಿಗೆ ದುಡ್ಡು ಹಾಕಿ ಬೆಳೆಸುವುದರಲ್ಲಿ ಆ ಸೀಮೆಯ ಹಿರಿಯ. ಅವರ ಗರಡಿಯಿಂದ ಹೊರಬಂದ ವಾಲ್ಟರ್ ಬಕ್ಲಿ ಮತ್ತು ಕೆನ್ ಫಾಕ್ಸ್ 1996ರಲ್ಲಿ ಇಂಟರ್ನೆಟ್ ಕ್ಯಾಪಿಟಲ್ ಗ್ರೂಪ್ ಕಟ್ಟಿದರು. ಕಂಪನಿ-ಕಂಪನಿಗಳ ನಡುವಿನ ವ್ಯವಹಾರವನ್ನಷ್ಟೇ ನೋಡುವ ಹೂಡಿಕೆ ಸಂಸ್ಥೆ ಅದು. ಅದೇ ವರ್ಷ ಅವರು ವರ್ಟಿಕಲ್‌ನೆಟ್‌ನಲ್ಲಿ ಹಣ ತೊಡಗಿಸಿದರು. ಅವರ ಕಡೆಯ ಡಗ್ಲಸ್ ಅಲೆಕ್ಸಾಂಡರ್ ಮಂಡಳಿಯ ಅಧ್ಯಕ್ಷರಾದರು. ಹೂಡಿಕೆದಾರರಿಗೆ ಬೇಕಾದದ್ದು ಒಳ್ಳೆಯ ವೃತ್ತಿಪತ್ರಿಕೆಯಲ್ಲ, ಬೇಗ ದೊಡ್ಡದಾಗುವ ಕಂಪನಿ. 1997ರ ಆಗಸ್ಟಿನಲ್ಲಿ ಮಾರ್ಕ್ ವಾಲ್ಶ್ ಮುಖ್ಯ ಕಾರ್ಯನಿರ್ವಾಹಕರಾಗಿ ಬಂದರು. ಎಚ್‌ಬಿಒ, ಜನರಲ್ ಎಲೆಕ್ಟ್ರಿಕ್‌ನ 'ಜೀನಿ' ಸೇವೆ, ಆಮೇಲೆ ಅಮೆರಿಕ ಆನ್‌ಲೈನ್ ಹೀಗೆ ಹಲವು ನೀರು ಕುಡಿದ, ಮಾತಿನಲ್ಲಿ ಚತುರರಾದ ವ್ಯಕ್ತಿ. ಕೊಳಚೆ ಶುದ್ಧೀಕರಣದ ಕಥೆಯನ್ನು ಷೇರುಪೇಟೆ ಕಿವಿಗೊಟ್ಟು ಕೇಳುವಂತೆ ಹೇಳಬಲ್ಲವರು ಬೇಕಿತ್ತು, ಸಿಕ್ಕರು.

1998ರ ಕೊನೆಗೆ ತಾಣಗಳು ಸುಮಾರು ಮೂವತ್ತು. ಆ ವರ್ಷದ ವರಮಾನ 31 ಲಕ್ಷ ಡಾಲರ್, ನಷ್ಟ 1.36 ಕೋಟಿ ಡಾಲರ್. ಒಂದು ಡಾಲರ್ ಗಳಿಸಲು ಐದಕ್ಕೂ ಹೆಚ್ಚು ಖರ್ಚಾಗುತ್ತಿತ್ತು. ಆ ವರಮಾನದಲ್ಲೂ ಒಂದು ಪಾಲು ಬೇರೆ ತಾಣ, ಪತ್ರಿಕೆಗಳ ಜೊತೆಗಿನ ವಿನಿಮಯ ಜಾಹೀರಾತು: ನಿನ್ನದು ನನ್ನಲ್ಲಿ, ನನ್ನದು ನಿನ್ನಲ್ಲಿ, ಕೈಗೆ ಕಾಸಿಲ್ಲ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಜಮಾ. ಇಂಥ ಕಂಪನಿ 1999ರ ಫೆಬ್ರುವರಿ 11ರಂದು ನ್ಯಾಸ್ಡಾಕ್‌ಗೆ ಬಂತು. 16 ಡಾಲರಿಗೆ 35 ಲಕ್ಷ ಷೇರು. ಸಂಜೆಯ ಹೊತ್ತಿಗೆ ಬೆಲೆ 45 ದಾಟಿತ್ತು.

ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 11ರಂದು, ಅದೇ ನ್ಯಾಸ್ಡಾಕ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್ ಹೆಸರು ಮೂಡಿತು. ಅಮೆರಿಕದ ಆ ಪೇಟೆಯಲ್ಲಿ ಭಾರತದಲ್ಲಿ ನೋಂದಾಯಿತವಾದ ಮೊದಲ ಕಂಪನಿ ಅದು. ಇನ್ಫೋಸಿಸ್ ಹತ್ತಾರು ವರ್ಷ ಲಾಭ ತೋರಿಸಿದ ಮೇಲೆ ಹತ್ತಿದ ಮೆಟ್ಟಿಲನ್ನು ವರ್ಟಿಕಲ್‌ನೆಟ್ ಒಂದು ವರ್ಷವೂ ಲಾಭ ಕಾಣದೆ ಹತ್ತಿತ್ತು. ಎರಡನ್ನೂ ಪೇಟೆ ಒಂದೇ ಉತ್ಸಾಹದಿಂದ ಬರಮಾಡಿಕೊಂಡಿತು ಎಂಬುದರಲ್ಲಿ ಆ ಕಾಲದ ಮನಃಸ್ಥಿತಿ ಕಾಣುತ್ತದೆ.

ಪೇಟೆಯ ಉತ್ಸಾಹಕ್ಕೆ ಆಧಾರ ಕೆಲವು ಭವಿಷ್ಯವಾಣಿಗಳು. 2003ರ ಹೊತ್ತಿಗೆ ಅಮೆರಿಕದಲ್ಲಿ ಕಂಪನಿಗಳ ನಡುವಿನ ಆನ್‌ಲೈನ್ ವ್ಯಾಪಾರ 1.3 ಲಕ್ಷ ಕೋಟಿ ಡಾಲರ್ ಮುಟ್ಟುತ್ತದೆ ಎಂದು ಫಾರೆಸ್ಟರ್ ಸಂಶೋಧನಾ ಸಂಸ್ಥೆ 1998ರ ಕೊನೆಗೆ ಹೇಳಿತ್ತು. 2000ದ ಜನವರಿಯಲ್ಲಿ ಗಾರ್ಟ್ನರ್ ಇನ್ನೂ ಮುಂದೆ ಹೋಗಿ, 2004ರಲ್ಲಿ ಜಗತ್ತಿನಾದ್ಯಂತ 7.29 ಲಕ್ಷ ಕೋಟಿ ಎಂದಿತು. ಎರಡು ದಶಮಾಂಶ ಸ್ಥಾನದವರೆಗೆ ಭವಿಷ್ಯ ಹೇಳಬಲ್ಲ ಧೈರ್ಯ ನಮ್ಮ ಪಂಚಾಂಗದವರಿಗೂ ಇಲ್ಲ! ಆದರೆ ಈ ಸಂಖ್ಯೆಗಳ ಮುಂದೆ ಜಾಹೀರಾತಿನ ವರಮಾನ ತೀರ ಸಣ್ಣದಾಗಿ ಕಂಡಿತು. ಪಂಪು ಮಾರುವವನಿಂದ ವರ್ಷಕ್ಕೆ ಕೆಲವು ಸಾವಿರ ಪಡೆಯುವುದಕ್ಕಿಂತ, ಮಾರಾಟವಾಗುವ ಪ್ರತಿ ಪಂಪಿನ ಮೇಲೂ ಕಮಿಷನ್ ಪಡೆದರೆ ಹೇಗೆ? ಅರಿಬಾ, ಕಾಮರ್ಸ್ ಒನ್, ಫ್ರೀಮಾರ್ಕೆಟ್ಸ್ ಎಂಬ ಹೆಸರುಗಳು ಅದೇ ಮಾತಾಡಿ ಆಕಾಶಕ್ಕೇರಿದ್ದವು. ವರ್ಟಿಕಲ್‌ನೆಟ್ ತನ್ನ ದಾರಿ ಬಿಟ್ಟದ್ದು ಇಲ್ಲಿ. ಜಾತ್ರೆಯಲ್ಲಿ ಅಂಗಡಿ ಜಾಗ ಬಾಡಿಗೆಗೆ ಕೊಟ್ಟು ನೆಮ್ಮದಿಯಾಗಿದ್ದವನು ತಾನೇ ಎತ್ತಿನ ವ್ಯಾಪಾರಕ್ಕೆ ಇಳಿದ ಹಾಗಾಯಿತು.

1999ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಪೀಬಡಿಯ ಎನ್‌ಇಸಿಎಕ್ಸ್ ಎಂಬ ಕಂಪನಿಯನ್ನು ಕೊಂಡಿತು. ಎಲೆಕ್ಟ್ರಾನಿಕ್ ಬಿಡಿಭಾಗಗಳ ಹಳೆಯ ದಲ್ಲಾಳಿ ಸಂಸ್ಥೆ ಅದು. ಒಂದು ಕಾರ್ಖಾನೆಯಲ್ಲಿ ಮಿಕ್ಕ ಚಿಪ್ಪುಗಳನ್ನು ಇನ್ನೊಂದು ಕಾರ್ಖಾನೆಯ ಕೊರತೆಗೆ ಮಾರುವ, ಹೆಚ್ಚಿನಂಶ ದೂರವಾಣಿಯಲ್ಲೇ ನಡೆಯುವ ವ್ಯವಹಾರ. ಲಾಭದ ಪ್ರಮಾಣ ತೆಳು, ವಹಿವಾಟು ದಪ್ಪ. ರಾತ್ರೋರಾತ್ರಿ ವರ್ಟಿಕಲ್‌ನೆಟ್‌ನ ವರಮಾನ ಹಲವಾರು ಪಟ್ಟು ಉಬ್ಬಿತು, ಆದರೆ ಅದರ ಬಹುಪಾಲು ಚಿಪ್ಪಿನ ಬೆಲೆಯೇ. 2000ದ ವಸಂತದಲ್ಲಿ ಟ್ರೇಡಿಯಂ ಎಂಬ ಎಳೆಯ ತಂತ್ರಾಂಶ ಕಂಪನಿಗೆ 50 ಕೋಟಿ ಡಾಲರಿನ ಆಸುಪಾಸು ಕೊಟ್ಟಿತು. ಕೊಟ್ಟದ್ದು ನಗದಲ್ಲ, ತನ್ನದೇ ಷೇರು. ಯುರೋಪಿಗೆ ಬ್ರಿಟಿಷ್ ಟೆಲಿಕಾಂ ಜೊತೆ ಕೈಜೋಡಿಸಿತು, ಜಪಾನಿಗೆ ಸಾಫ್ಟ್‌ಬ್ಯಾಂಕ್ ಜೊತೆ.

ಎಲ್ಲಕ್ಕಿಂತ ದೊಡ್ಡ ಸುದ್ದಿ 2000ದ ಜನವರಿಯದು. ಮೈಕ್ರೋಸಾಫ್ಟ್ 10 ಕೋಟಿ ಡಾಲರ್ ಹೂಡಿತು. ಅಷ್ಟೇ ಅಲ್ಲ, 80,000 ಸಣ್ಣ ಉದ್ದಿಮೆಗಳಿಗೆಂದು ಸ್ಟೋರ್‌ಫ್ರಂಟುಗಳನ್ನೂ ತಾನೇ ಸಗಟಾಗಿ ಕೊಳ್ಳುವುದಾಗಿ ಒಪ್ಪಿತು. ಪ್ರತಿಯಾಗಿ ವರ್ಟಿಕಲ್‌ನೆಟ್ ಮೈಕ್ರೋಸಾಫ್ಟಿನ ತಂತ್ರಾಂಶ ಬಳಸಬೇಕು. ಇದನ್ನು ಎರಡು ಸಲ ಓದಬೇಕು. ಹಣ ಹೂಡಿದವನೇ ದೊಡ್ಡ ಗಿರಾಕಿ, ದೊಡ್ಡ ಗಿರಾಕಿಗೇ ಕಂಪನಿ ಮತ್ತೆ ಗಿರಾಕಿ. ಐದು ವರ್ಷ ಒಬ್ಬೊಬ್ಬ ಪಂಪು ತಯಾರಕನ ಬಾಗಿಲು ತಟ್ಟಿ ಕಟ್ಟಿದ ವ್ಯಾಪಾರ ಒಂದೇ ಸಹಿಯಲ್ಲಿ ಹಲವು ಪಟ್ಟು ಹೆಚ್ಚಿತು. ಆ 80,000ದಲ್ಲಿ ಎಷ್ಟು ಉದ್ದಿಮೆಗಳಿಗೆ ಪುಟ ನಿಜವಾಗಿ ಬೇಕಿತ್ತು ಎಂಬುದನ್ನು ಕೇಳುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ.

ಮಾರ್ಚಿನಲ್ಲಿ ಷೇರು ಸುಮಾರು 148 ಡಾಲರ್ ಮುಟ್ಟಿತು. ಅದೂ ಎರಡು ಸಲ ಒಂದನ್ನು ಎರಡಾಗಿ ಒಡೆದ ಲೆಕ್ಕದಲ್ಲಿ. ಅಂದರೆ ಮೊದಲ ದಿನ 16 ಡಾಲರಿಗೆ ಕೊಂಡ ಒಂದು ಷೇರಿನ ಬೆಲೆ ಹದಿಮೂರು ತಿಂಗಳಲ್ಲಿ 590 ಡಾಲರಿನಷ್ಟು. ಕಂಪನಿಯ ಒಟ್ಟು ಮಾರುಕಟ್ಟೆ ಮೌಲ್ಯ 1,000 ಕೋಟಿ ಡಾಲರ್ ದಾಟಿತ್ತು. ಐವತ್ತಕ್ಕೂ ಹೆಚ್ಚು ವೃತ್ತಿತಾಣಗಳಿದ್ದವು, ನಿಜ. ಆದರೆ ಆ ಬೆಲೆಗೆ ಅವುಗಳ ಜೊತೆ ಯಾವ ಸಂಬಂಧವೂ ಉಳಿದಿರಲಿಲ್ಲ.

ನ್ಯಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್ 10ರಂದು 5,048ಕ್ಕೆ ಏರಿ ಅಲ್ಲಿಂದ ಇಳಿಯಿತು. ಹತ್ತು ದಿನಕ್ಕೆ 'ಬ್ಯಾರನ್ಸ್' ವಾರಪತ್ರಿಕೆ ಇಂಟರ್ನೆಟ್ ಕಂಪನಿಗಳ ಕೈಯಲ್ಲಿರುವ ನಗದು ಇನ್ನೆಷ್ಟು ತಿಂಗಳಿಗೆ ಸಾಕು ಎಂಬ ಪಟ್ಟಿಯನ್ನೇ ಅಚ್ಚುಹಾಕಿತು. ಆದರೆ ವರ್ಟಿಕಲ್‌ನೆಟ್ ಬೀಳಲು ಷೇರುಪೇಟೆಯೊಂದೇ ಕಾರಣವಲ್ಲ. ಕಮಿಷನ್ ವ್ಯಾಪಾರವೇ ಕುಂಟುತ್ತಿತ್ತು. ಪುರಸಭೆ ಪಂಪು ಕೊಳ್ಳುವುದು ಗುಂಡಿ ಒತ್ತಿ ಅಲ್ಲ. ಟೆಂಡರು, ತಾಂತ್ರಿಕ ಪರಿಶೀಲನೆ, ಸಲಹೆಗಾರ ಎಂಜಿನಿಯರನ ಷರಾ, ಮಂಡಳಿಯ ಒಪ್ಪಿಗೆ ಎಲ್ಲ ಆಗಬೇಕು. ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ಮತ್ತೆ ಕೊಳ್ಳಬೇಕಿಲ್ಲ. ಕಾರ್ಖಾನೆಗಳು ದಿನನಿತ್ಯ ಕೊಳ್ಳುವ ಕಚ್ಚಾವಸ್ತುವಿಗಾದರೋ ವರ್ಷಗಟ್ಟಲೆಯ ಒಪ್ಪಂದ, ಪರಿಚಯದ ಸರಬರಾಜುದಾರ, ಸಾಲದ ಸೌಲಭ್ಯ ಇರುತ್ತವೆ. ಇವರ ನಡುವೆ ಗುರುತಿಲ್ಲದ ಮೂರನೆಯವನಿಗೆ ಕಮಿಷನ್ ಕೊಡುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ದೊಡ್ಡ ಕೊಳ್ಳುಗರಂತೂ ಸ್ವಂತ ಸಂತೆಯನ್ನೇ ಕಟ್ಟಿಕೊಂಡರು. ಜನರಲ್ ಮೋಟರ್ಸ್, ಫೋರ್ಡ್, ಡೈಮ್ಲರ್‌ಕ್ರೈಸ್ಲರ್ 2000ದ ಫೆಬ್ರುವರಿಯಲ್ಲಿ ಘೋಷಿಸಿದ ಜಂಟಿ ಮಾರುಕಟ್ಟೆ ಮುಂದೆ ಕೋವಿಸಿಂಟ್ ಎನಿಸಿತು. ತಯಾರಕನ ಮಟ್ಟಿಗಂತೂ ಗಿರಾಕಿಯ ವಿಳಾಸ ತಂದುಕೊಡುವ ತಾಣ ಮಿತ್ರ, ತನ್ನ ಬೆಲೆಯನ್ನು ಹತ್ತು ಜನರ ಬೆಲೆಯ ಪಕ್ಕ ತೂಗಿಸುವ ತಾಣ ಶತ್ರು. ವರ್ಟಿಕಲ್‌ನೆಟ್ ಒಂದೇ ತಾಣದಲ್ಲಿ ಎರಡೂ ಆಗಲು ಹೊರಟಿತ್ತು.

2000ದ ಜುಲೈಯಲ್ಲಿ ಜೋ ಗಲ್ಲಿ ಮುಖ್ಯಸ್ಥರಾದರು. ಬ್ಲ್ಯಾಕ್ ಅಂಡ್ ಡೆಕರ್‌ನಲ್ಲಿ ವಿದ್ಯುತ್ ಉಪಕರಣ ಮಾರಿ ಹೆಸರು ಮಾಡಿ, ಅಮೆಜಾನಿನಲ್ಲಿ ಒಂದು ವರ್ಷ ಅಧ್ಯಕ್ಷರಾಗಿದ್ದವರು. ಬಂದ ಆರು ತಿಂಗಳಿಗೆ, 2001ರ ಜನವರಿಯಲ್ಲಿ, ಗೃಹಬಳಕೆ ವಸ್ತುಗಳ ನ್ಯೂವೆಲ್ ರಬ್ಬರ್‌ಮೇಡ್ ಕಂಪನಿಗೆ ಹೊರಟರು. ಚುಕ್ಕಾಣಿ ಮತ್ತೆ ಸಂಸ್ಥಾಪಕ ಹೇಗನ್ ಕೈಗೆ ಬಂತು. ಅದೇ ತಿಂಗಳು ಎನ್‌ಇಸಿಎಕ್ಸ್ ಕನ್ವರ್ಜ್ ಎಂಬ ಒಕ್ಕೂಟದ ಪಾಲಾಯಿತು. ಎಚ್‌ಪಿ, ಕಾಂಪ್ಯಾಕ್ ಮೊದಲಾದ ಕಂಪ್ಯೂಟರ್ ಕಂಪನಿಗಳು ಸೇರಿ ಕಟ್ಟಿದ ಸಂಸ್ಥೆ ಅದು. ಎನ್‌ಇಸಿಎಕ್ಸ್ ಅನ್ನು ಕೊಂಡು ಆಗಿನ್ನೂ ಹದಿಮೂರು ತಿಂಗಳು. ಮೈಕ್ರೋಸಾಫ್ಟ್ ಒಪ್ಪಂದವನ್ನು ಮತ್ತೆ ಕೂತು ಬರೆಯಬೇಕಾಯಿತು. ನೌಕರರನ್ನು ಕಂತು ಕಂತಾಗಿ ಮನೆಗೆ ಕಳಿಸಲಾಯಿತು. ಕಂಪನಿ ಈಗ ತಾನು ತಂತ್ರಾಂಶ ಮಾರುವವನೆಂದು ಹೇಳಿಕೊಂಡು 2001ರ ಕೊನೆಗೆ ಅಟ್ಲಾಸ್ ಕಾಮರ್ಸ್ ಎಂಬ ಇನ್ನೊಂದು ಸಂಸ್ಥೆಯನ್ನು ಕೊಂಡಿತು. 2002ರಲ್ಲಿ ಷೇರು ಒಂದು ಡಾಲರಿಗಿಂತ ಕೆಳಗಿತ್ತು. ಪೇಟೆಯಿಂದ ಹೆಸರು ಅಳಿಸಿಹೋಗದಿರಲಿ ಎಂದು ಹತ್ತು ಷೇರನ್ನು ಒಂದಾಗಿ ಕೂಡಿಸಿದರು.

ಅದೇ ವರ್ಷ ಮೂಲ ವೃತ್ತಿತಾಣಗಳೆಲ್ಲ, ವಾಟರ್ ಆನ್‌ಲೈನೂ ಸೇರಿ, ಪೆನ್ಸಿಲ್ವೇನಿಯಾದ ಕೋರಿ ಪಬ್ಲಿಷಿಂಗ್ ಎಂಬ ಸಣ್ಣ ಪ್ರಕಾಶನ ಸಂಸ್ಥೆಗೆ ಮಾರಾಟವಾದವು. ಪತ್ರಿಕೆಗಳ ಅನುಭವವಿದ್ದ ಆ ಹೊಸ ಯಜಮಾನರು ಅವನ್ನು ಪತ್ರಿಕೆಗಳಂತೆಯೇ ನಡೆಸಿದರು: ಲೇಖನ ಬರೆಸು, ಓದುಗರನ್ನು ಗುರುತಿಸು, ತಯಾರಕನಿಗೆ ವಿಚಾರಣೆ ತಲುಪಿಸು, ವರ್ಷದ ಕೊನೆಗೆ ಬಿಲ್ಲು ಕಳಿಸು. ಮುಂದೆ ಆ ವ್ಯವಹಾರ ವರ್ಟ್‌ಮಾರ್ಕೆಟ್ಸ್ ಎಂಬ ಹೆಸರಿನಲ್ಲಿ ನಡೆಯಿತು.

ಈ ಪತನವನ್ನು ವಿದ್ವಾಂಸರು ಬೇರೆ ಬೇರೆ ಕಡೆಯಿಂದ ನೋಡಿದ್ದಾರೆ. 'ಹಾರ್ವರ್ಡ್ ಬಿಸಿನೆಸ್ ರಿವ್ಯೂ'ನಲ್ಲಿ ಸ್ಟೀವನ್ ಕಪ್ಲನ್ ಮತ್ತು ಮೋಹನ್‌ಬೀರ್ ಸಾಹ್ನಿ ಈ ಮಾರುಕಟ್ಟೆಗಳನ್ನು ಅಚ್ಚುಕಟ್ಟಾಗಿ ವರ್ಗೀಕರಿಸಿದ ಲೇಖನ 2000ದ ಮೇ ತಿಂಗಳಲ್ಲಿ ಬಂತು. ಸಿದ್ಧಾಂತ ಸಿದ್ಧವಾಗುವಷ್ಟರಲ್ಲಿ ಉದಾಹರಣೆಗಳು ಕುಸಿಯತೊಡಗಿದ್ದವು. ಜಾರ್ಜ್ ಡೇ ಮತ್ತು ಸಂಗಡಿಗರು 2003ರಲ್ಲಿ, ಇವು ಹೊಸ ಮಾರುಕಟ್ಟೆ ಹುಟ್ಟಿಸಿದವಲ್ಲ, ಇದ್ದ ಮಾರುಕಟ್ಟೆಯನ್ನು ಮರುಜೋಡಿಸಲು ಹೊರಟವು, ಅಂಥಲ್ಲಿ ಹಳೆಯ ಆಟಗಾರರದೇ ಮೇಲುಗೈ ಎಂದರು. ನನಗೆ ಹೆಚ್ಚು ಮನವರಿಕೆಯಾಗುವುದು ಬ್ರೆಂಟ್ ಗೋಲ್ಡ್‌ಫಾರ್ಬ್, ಡೇವಿಡ್ ಕಿರ್ಶ್ ಮತ್ತು ಡೇವಿಡ್ ಮಿಲ್ಲರ್ 2007ರಲ್ಲಿ ಪ್ರಕಟಿಸಿದ ವಾದ. ಆ ಕಾಲದ ಕಂಪನಿಗಳ ದಾಖಲೆ ಜಾಲಾಡಿ ಅವರು ಕಂಡದ್ದು, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಐದು ವರ್ಷದ ನಂತರವೂ ಬದುಕಿದ್ದವು ಎಂಬುದನ್ನು. ಬದುಕಿದ ಬಹಳಷ್ಟು ಸಣ್ಣವು, ಒಂದೊಂದು ಮೂಲೆಯನ್ನು ಹಿಡಿದುಕೊಂಡವು. ಬೇಗ ದೊಡ್ಡದಾಗದಿದ್ದರೆ ಸತ್ತೆವು ಎಂಬ ನಂಬಿಕೆಯೇ ಅನೇಕ ಸಣ್ಣ ಅವಕಾಶಗಳನ್ನು ಕೊಂದಿತು ಎಂಬುದು ಅವರ ತೀರ್ಮಾನ. ವರ್ಟಿಕಲ್‌ನೆಟ್ ಕಥೆಗೆ ಇದು ಅಳತೆ ಕೊಟ್ಟು ಹೊಲಿಸಿದಂತೆ ಒಪ್ಪುತ್ತದೆ. ಸಂಸ್ಥಾಪಕರ ಮೊದಲ ಯೋಚನೆ ಸರಿಯಾಗಿತ್ತು. ಅದು ಎಷ್ಟು ದೊಡ್ಡದಾಗಬಲ್ಲದು ಎಂಬ ಹೂಡಿಕೆದಾರರ ಯೋಚನೆ ತಪ್ಪಾಗಿತ್ತು. ಕಂಪನಿ ಎರಡನೆಯದನ್ನು ನಂಬಿ ಮೊದಲನೆಯದನ್ನು ಅಲಕ್ಷಿಸಿತು.

ಇದಕ್ಕೆ ಒಂದು ಎದುರು ಮಾತಿದೆ, ಅದನ್ನೂ ಹೇಳಬೇಕು. ಗೂಗಲ್ ತನ್ನ ಆಡ್‌ವರ್ಡ್ಸ್ ಸೇವೆಯನ್ನು 2000ದ ಅಕ್ಟೋಬರಿನಲ್ಲಿ ಕೇವಲ 350 ಜಾಹೀರಾತುದಾರರೊಂದಿಗೆ ತೆರೆಯಿತು. ಯಾರೋ ಒಬ್ಬ ಎಂಜಿನಿಯರ್ ಹುಡುಕುವ ಪದದ ಪಕ್ಕದಲ್ಲೇ ಆ ಪಂಪಿನ ಜಾಹೀರಾತು ಕಾಣುವಂತೆ ಮಾಡುವ ಶಕ್ತಿ ಅದಕ್ಕಿತ್ತು. ಉದ್ಯಮಕ್ಕೊಂದು ತಾಣ ಬೇಕೇ ಬೇಕು ಎಂಬ ಸ್ಥಿತಿ ಅದರಿಂದ ಸಡಿಲವಾಯಿತು. ವರ್ಟಿಕಲ್‌ನೆಟ್ ತನ್ನ ಮೊದಲ ದಾರಿಯಲ್ಲೇ ನಡೆದಿದ್ದರೂ ಈ ಸ್ಪರ್ಧೆಯನ್ನು ಎದುರಿಸಬೇಕಿತ್ತು, ಸಾವಿರ ಕೋಟಿಯ ಕಂಪನಿ ಎಂದಿಗೂ ಆಗುತ್ತಿರಲಿಲ್ಲ. ಕೆಲವು ಕೋಟಿಯ, ಲಾಭದ ಕಂಪನಿಯಾಗಿ ಉಳಿಯುತ್ತಿತ್ತು ಎಂದಷ್ಟೇ ಹೇಳಬಹುದು.

ಉಳಿದವರ ಗತಿ ಹೀಗೆ. ತಂತ್ರಾಂಶದ ವರ್ಟಿಕಲ್‌ನೆಟ್ ಅನ್ನು 2008ರ ಜನವರಿಯಲ್ಲಿ ಇಟಲಿಯ ಬ್ರಾವೊಸಲ್ಯೂಷನ್ ಸುಮಾರು 1.5 ಕೋಟಿ ಡಾಲರಿಗೆ ಕೊಂಡಿತು. ಉತ್ತುಂಗದ ಮೌಲ್ಯದ ಸಾವಿರದಲ್ಲಿ ಎರಡು ಪಾಲೂ ಅಲ್ಲ. ಒಂದು ಕಾಲಕ್ಕೆ 5,000 ಕೋಟಿ ಡಾಲರ್ ಮೀರಿ ತೂಗಿದ್ದ ಇಂಟರ್ನೆಟ್ ಕ್ಯಾಪಿಟಲ್ ಗ್ರೂಪ್ ಹೆಸರು ಬದಲಿಸಿಕೊಂಡು, ಕೊನೆಗೆ 2018ರಲ್ಲಿ ಬಾಗಿಲು ಮುಚ್ಚಿತು. ಷೇರು ಒತ್ತೆಯಿಟ್ಟು ಸಾಲ ಮಾಡಿದ್ದ ಪೀಟ್ ಮಸ್ಸರ್ ಕುಸಿತದಲ್ಲಿ ತಮ್ಮ ಪಾಲನ್ನು ಬಹುತೇಕ ಕಳೆದುಕೊಂಡರು. ವಾಲ್ಶ್ ರೇಡಿಯೊ ಕಡೆ ಹೋದರು. ಹೇಗನ್ ಮನೆಗಳ ಕಳ್ಳಗಾವಲು ವ್ಯವಸ್ಥೆಯ ಲೈಫ್‌ಶೀಲ್ಡ್ ಎಂಬ ಕಂಪನಿಯನ್ನು ಮುನ್ನಡೆಸಿ ಮಾರಿದರು. ಫಿಲಡೆಲ್ಫಿಯಾದಲ್ಲಿ ಅವರು ಓದಿದ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಅಂಗಣಕ್ಕೆ ಅವರ ಹೆಸರಿದೆ. ಪೀಬಡಿಯ ಚಿಪ್ಪು ದಲ್ಲಾಳಿ ವ್ಯವಹಾರ 2010ರಲ್ಲಿ ಆ್ಯರೋ ಎಲೆಕ್ಟ್ರಾನಿಕ್ಸ್ ಪಾಲಾಯಿತು.

ಇಷ್ಟಾದ ಮೇಲೆ ನಮ್ಮ ದೇಶದ ಒಂದು ಸಂಸ್ಥೆಯನ್ನು ನೆನೆಯದಿದ್ದರೆ ಕಥೆ ಅರ್ಧವಾಗುತ್ತದೆ. ವರ್ಟಿಕಲ್‌ನೆಟ್ ಮೊದಲ ಹೂಡಿಕೆ ಪಡೆದ 1996ರಲ್ಲೇ ದೆಹಲಿಯಲ್ಲಿ ದಿನೇಶ್ ಅಗರ್‌ವಾಲ್ ಮತ್ತು ಬ್ರಿಜೇಶ್ ಅಗ್ರವಾಲ್ ಇಂಡಿಯಾಮಾರ್ಟ್ ಆರಂಭಿಸಿದರು. ಸಣ್ಣ ತಯಾರಕರಿಗೆ ಅಂತರ್ಜಾಲದಲ್ಲಿ ಒಂದು ಪುಟ ಮಾಡಿಕೊಟ್ಟು, ಗಿರಾಕಿಯ ವಿಚಾರಣೆ ತಲುಪಿಸುವ ಅದೇ ಕೆಲಸ. ಅದಕ್ಕೆ ಮೈಕ್ರೋಸಾಫ್ಟಿನ 10 ಕೋಟಿ ಸಿಗಲಿಲ್ಲ, ನ್ಯಾಸ್ಡಾಕಿನ 148 ಡಾಲರೂ ಸಿಗಲಿಲ್ಲ. ಷೇರುಪೇಟೆಗೆ ಬಂದದ್ದು 23 ವರ್ಷದ ನಂತರ, 2019ರ ಜುಲೈಯಲ್ಲಿ, ಲಾಭ ತೋರಿಸಿ. ಅದರ ವರಮಾನದ ಬಹುಪಾಲು ಇಂದಿಗೂ ಬರುವುದು ಮಾರಾಟದ ಮೇಲಿನ ಕಮಿಷನ್ನಿನಿಂದಲ್ಲ, ಸರಬರಾಜುದಾರರು ವರ್ಷಕ್ಕಿಷ್ಟು ಎಂದು ಕಟ್ಟುವ ಚಂದಾದಿಂದ.